ಗೊರಕೆಯೂ ಗುಂಡಿಗೆಯೂ

(ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿ, ಪಾಪಿನಾಯಕನಹಳ್ಳಿ)

ಗೊರಕೆಯೆಂದರೆ ನಮ್ಮಲ್ಲಿ ನಗೆಯ ವಸ್ತು. ಬಯಲಾಟದಲ್ಲಿ ಕುಂಭಕರ್ಣನ ಪಾತ್ರಧಾರಿ ಗೊರಕೆ ಹೊಡೆದನೆಂದರೆ ಮಕ್ಕಳೂ ಮುದುಕರೂ ಒಟ್ಟಿಗೆ ನಗುತ್ತಾರೆ. ಮನೆಯಲ್ಲಿ ಯಾರಾದರೂ ಗೊರಕೆ ಹೊಡೆದರೆ, “ಪುಣ್ಯವಂತ, ಚಿಂತೆಯಿಲ್ಲದೆ ಮಲಗಿದ್ದಾನೆ” ಎಂದು ಹಿರಿಯರು ಹೇಳುವುದುಂಟು. ಎರಡು ವರ್ಷಗಳ ಹಿಂದಿನವರೆಗೆ ನಾನೂ ಹಾಗೆಯೇ ನಂಬಿದ್ದೆ.

ನಮ್ಮ ಸೋದರಮಾವ ಲಾರಿ ಚಾಲಕ. ಸಂಡೂರಿನ ಗುಡ್ಡಗಳಿಂದ ಅದಿರು ಹೊರುವ ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲದಲ್ಲಿ ಅವನೂ ಓಡಿಸಿದವನು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ನಮ್ಮ ಕಡೆಯ ಎಷ್ಟೋ ಲಾರಿಗಳಂತೆ ಅವನ ಲಾರಿಯೂ ನಿಂತಿತು; ಅವನೂ ಮನೆಯಲ್ಲಿ ಕುಳಿತ. ಕುಳಿತಲ್ಲಿ ಮೈ ಬೆಳೆಯಿತು. ಮುಂದೆ ದೂರದೂರದ ಬಾಡಿಗೆಗೆ ಹೊರಟ ಮೇಲೆ ರಾತ್ರಿಯ ಡಾಬಾ ಊಟ, ಸಂಜೆಯ ಮಿರ್ಚಿ ಮಂಡಕ್ಕಿ, ಹದಿನಾಲ್ಕು ಗಂಟೆ ಕುಳಿತೇ ಇರುವ ಕೆಲಸ. ಇವು ಸೇರಿ ಮೈ ಇನ್ನೂ ಬೆಳೆಯಿತು. ನನ್ನ ಕಾಲೇಜಿನ ಶುಲ್ಕ ಕಟ್ಟಿದವನು ಅವನೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ, ಆ ಶುಲ್ಕ ಅವನ ರಾತ್ರಿಯ ಬಾಡಿಗೆಗಳಿಂದ ಬಂದುದೆಂಬುದನ್ನು ನಾನು ಮರೆಯುವಂತಿಲ್ಲ.

ಎರಡನೆಯ ವರ್ಷದ ಪರೀಕ್ಷೆಯ ಸಮಯದಲ್ಲಿ ನಾನು ಪಡಸಾಲೆಯಲ್ಲಿ ರಾತ್ರಿ ಓದುತ್ತಿದ್ದೆ. ಮಾವ ಅಲ್ಲಿಯೇ ಚಾಪೆಯ ಮೇಲೆ ಮಲಗಿದ್ದ. ಗೊರಕೆ ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಂತಿತು. ಎದೆ ಹೊಟ್ಟೆಗಳು ಮಾತ್ರ ಏದುತ್ತಿದ್ದವು. ಮೂಗು ಬಾಯಿಗಳಲ್ಲಿ ಗಾಳಿಯಿಲ್ಲ. ಗೋಡೆಯ ಗಡಿಯಾರ ನೋಡಿದೆ. ಹತ್ತು ಸೆಕೆಂಡು, ಇಪ್ಪತ್ತು, ಇಪ್ಪತ್ತೈದು... ಆಮೇಲೆ ನೀರಿನಲ್ಲಿ ಮುಳುಗಿದವನು ಮೇಲಕ್ಕೆ ಬಂದಂತೆ ಒಂದು ದೊಡ್ಡ ಉಸಿರು. ಮತ್ತೆ ಗೊರಕೆ, ಮತ್ತೆ ಮೌನ. ಗಾಬರಿಯಿಂದ ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಮೌನದಲ್ಲಿ ನಾಡಿ ನಿಧಾನವಾಗುತ್ತಿತ್ತು. ಉಸಿರು ಬಂದೊಡನೆ ಬೆದರಿದ ಕರುವಿನಂತೆ ಓಡುತ್ತಿತ್ತು. ಬೆಳಿಗ್ಗೆ ಅತ್ತೆಗೆ ಹೇಳಿದರೆ ಅವಳು ನಗಲಿಲ್ಲ. “ನಾ ದಿನಾ ರಾತ್ರಿ ಅದನ್ನ ಎಣಿಸ್ಕೋತ ಕುಂತಿರ್ತೀನಪಾ. ಯಾರಿಗೆ ಹೇಳ್ಲಿ?” ಎಂದಳು.

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ವೈದ್ಯಕೀಯ ವಿಷಯವನ್ನು ಕುರಿತು ಬರೆಯುವುದು ಸಾಹಸವೇ ಸರಿ. ಆದರೆ ಆ ರಾತ್ರಿ ನನ್ನ ಬೆರಳಿಗೆ ತಿಳಿದುದು ನನ್ನ ಬುದ್ಧಿಗೆ ತಿಳಿಯಲಿಲ್ಲ. ಉಸಿರು ನಿಂತರೆ ನಾಡಿ ಏಕೆ ಕುಂಟಬೇಕು? ಬೊಜ್ಜಿಗೂ ಉಸಿರಿಗೂ, ಉಸಿರಿಗೂ ಹೃದಯವನ್ನು ಆಳುವ ನರಗಳಿಗೂ ಏನು ಸಂಬಂಧ? ಅಂದಿನಿಂದ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ನನ್ನಂಥವರಿಗೆ ಅರ್ಥವಾಗುವಂತೆ ಹೇಳುವುದಷ್ಟೇ ಈ ಲೇಖನದ ಉದ್ದೇಶ.

ಹಗ್ಗ ಮತ್ತು ಬಾರುಕೋಲು

ಹೃದಯವು ತಾನಾಗಿಯೇ ಬಡಿಯುವ ಅಂಗ. ಅದರ ಬಲ ಹೃತ್ಕರ್ಣದ ಗೋಡೆಯಲ್ಲಿರುವ ಒಂದು ಸಣ್ಣ ಗಂಟು ಬಡಿತದ ಆಜ್ಞೆಯನ್ನು ಕೊಡುತ್ತಿರುತ್ತದೆ. ನರಗಳ ಹಂಗಿಲ್ಲದೆ ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಆದರೆ ಸುಮ್ಮನೆ ಕುಳಿತವನ ನಾಡಿ 70ರ ಆಸುಪಾಸಿನಲ್ಲಿರುತ್ತದೆಯಲ್ಲ, ಅದು ಹೇಗೆ?

ಗಾಡಿ ಹೊಡೆಯುವವನನ್ನು ನೆನೆಯಿರಿ. ಅವನ ಒಂದು ಕೈಯಲ್ಲಿ ಮೂಗುದಾರದ ಹಗ್ಗ, ಇನ್ನೊಂದು ಕೈಯಲ್ಲಿ ಬಾರುಕೋಲು. ಹೃದಯಕ್ಕೂ ಇವೆರಡೂ ಇವೆ. ಮಿದುಳಿನ ಬುಡದಿಂದ ಹೊರಟು ಕೊರಳಿನ ಮೂಲಕ ಎದೆಗಿಳಿಯುವ ವೇಗಸ್ ನರವು ಹಗ್ಗ. ಅದು ಹೃದಯವನ್ನು ಹಿಡಿದು ನಿಲ್ಲಿಸುತ್ತದೆ. ಬೆನ್ನುಹುರಿಯಿಂದ ಹೊರಡುವ ಸಿಂಪಥೆಟಿಕ್ ನರಗಳು ಬಾರುಕೋಲು; ಅವು ಹೃದಯವನ್ನು ಓಡಿಸುತ್ತವೆ, ರಕ್ತನಾಳಗಳನ್ನು ಬಿಗಿಯುತ್ತವೆ, ರಕ್ತದ ಒತ್ತಡವನ್ನು ಏರಿಸುತ್ತವೆ. ವಿಶ್ರಾಂತಿಯಲ್ಲಿ ಹಗ್ಗವೇ ಪ್ರಬಲ. ಭಯ, ಶ್ರಮ, ಕೋಪಗಳಲ್ಲಿ ಬಾರುಕೋಲು ಪ್ರಬಲ. ನಮ್ಮ ಇಚ್ಛೆಯನ್ನು ಕೇಳದೆ ಇವೆರಡೂ ತಮ್ಮ ಕೆಲಸ ಮಾಡುತ್ತಿರುತ್ತವೆ.

ನರವು ಹೃದಯಕ್ಕೆ ತನ್ನ ಮಾತನ್ನು ತಿಳಿಸುವ ಬಗೆಯನ್ನು ಕಂಡುಹಿಡಿದವನು ಆಟೊ ಲೋವಿ. 1921ರಲ್ಲಿ ಅವನು ಪ್ರಕಟಿಸಿದ ಪ್ರಯೋಗ ಬಹಳ ಸರಳವಾದುದು. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿದಾಗ ಆ ಹೃದಯ ನಿಧಾನವಾಯಿತು; ಅದು ಮುಳುಗಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ಎಂದರೆ ನರದ ತುದಿಯಿಂದ ಒಂದು ರಾಸಾಯನಿಕ ವಸ್ತು ಹೊರಬಂದು ಆಜ್ಞೆಯನ್ನು ಮುಟ್ಟಿಸುತ್ತದೆ. ಈ ಸಂಶೋಧನೆಗೆ 1936ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಉಸಿರಿಗೂ ಈ ಹಗ್ಗಕ್ಕೂ ಇರುವ ನಂಟನ್ನು ವಾಚಕರು ಈಗಲೇ ಪರೀಕ್ಷಿಸಬಹುದು. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ದೀರ್ಘವಾಗಿ ಉಸಿರಾಡಿ. ಉಸಿರನ್ನು ಒಳಗೆ ಎಳೆದಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ಸ್ವಲ್ಪ ನಿಧಾನವಾಗುತ್ತದೆ. ನಮ್ಮ ವಯಸ್ಸಿನವರಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಒಳಗೆಳೆದಾಗ ಹಗ್ಗ ಸಡಿಲ, ಬಿಟ್ಟಾಗ ಬಿಗಿ. ಇದನ್ನು 1847ರಲ್ಲಿಯೇ ಜರ್ಮನಿಯ ಕಾರ್ಲ್ ಲುಡ್ವಿಗ್ ಯಂತ್ರದ ಮೇಲೆ ದಾಖಲಿಸಿದ್ದನು. ಹೀಗೆ ನಾಡಿಯು ಸಣ್ಣಗೆ ಏರಿಳಿಯುತ್ತಿರುವುದು ದೋಷವಲ್ಲ, ಆರೋಗ್ಯದ ಲಕ್ಷಣ. ಗಾಡಿಯವನು ಎಚ್ಚರವಾಗಿದ್ದಾನೆ ಎಂಬುದರ ಗುರುತು.

ಬೊಜ್ಜು ಉಸಿರನ್ನು ತಡೆಯುವ ಬಗೆ

ಗಂಟಲು ಗಟ್ಟಿ ಕೊಳವೆಯಲ್ಲ. ಅದರ ಮೇಲ್ಭಾಗ ಮೆತ್ತಗಿನ ಮಾಂಸದ ದಾರಿ. ಅದನ್ನು ತೆರೆದು ಹಿಡಿದಿರುವುದು ಸುತ್ತಲಿನ ಸ್ನಾಯುಗಳು. ನಾವು ಎಚ್ಚರವಾಗಿದ್ದಾಗ ಅವು ಬಿಗಿಯಾಗಿರುತ್ತವೆ, ನಿದ್ರೆಯಲ್ಲಿ ಸಡಿಲವಾಗುತ್ತವೆ. ಮೈಯಲ್ಲಿ ಕೊಬ್ಬು ಹೆಚ್ಚಾದಾಗ ಅದು ಹೊಟ್ಟೆಯಲ್ಲಷ್ಟೇ ಕೂಡುವುದಿಲ್ಲ. ಕೊರಳಿನ ಸುತ್ತ, ನಾಲಿಗೆಯ ಒಳಗೆ ಸಹ ಕೂಡುತ್ತದೆ. ಆಗ ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಮಾಂಸ ನಡುಗುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಗೊರಕೆಯೂ ಇಲ್ಲ, ಉಸಿರೂ ಇಲ್ಲ. ನಾನು ಕೇಳಿದ ಮೌನ ಅದೇ.

ಇಂಥ ತಡೆ 10 ಸೆಕೆಂಡಿಗಿಂತ ಕಡಮೆಯಿಲ್ಲದಂತೆ ಇದ್ದರೆ ವೈದ್ಯರು ಅದನ್ನು ಒಂದು ಉಸಿರುಗಟ್ಟುವಿಕೆಯೆಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಂತುದನ್ನೂ ಬಹಳ ಕುಗ್ಗಿದುದನ್ನೂ ಸೇರಿಸಿ, ಗಂಟೆಗೆ 5ರಿಂದ 15 ಸಲವಾದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ಮೀರಿದರೆ ತೀವ್ರ. ಗಂಟೆಗೆ 30 ಎಂದರೆ ಏಳು ಗಂಟೆಯ ನಿದ್ರೆಯಲ್ಲಿ 210 ಸಲ! ಈ ವ್ಯಾಧಿಗೆ ಸ್ಲೀಪ್ ಅಪ್ನಿಯಾ ಎಂದು ಹೆಸರು.

ಇನ್ನೂ ಒಂದು ಬಗೆಯಿದೆ. ಬೊಜ್ಜು ಬಹಳ ಹೆಚ್ಚಾದವರಲ್ಲಿ ಎದೆ ಹೊಟ್ಟೆಗಳ ಮೇಲಿನ ಭಾರದಿಂದ ಶ್ವಾಸಕೋಶಗಳು ಚೆನ್ನಾಗಿ ಹಿಗ್ಗವು. ಮಿದುಳಿನ ಉಸಿರಾಟದ ಕೇಂದ್ರವೂ ಕ್ರಮೇಣ ಮಂದವಾಗುತ್ತದೆ. ಅಂಥವರಲ್ಲಿ ಹಗಲಿನಲ್ಲಿಯೂ ರಕ್ತದ ಆಮ್ಲಜನಕ ಕಡಮೆ, ಇಂಗಾಲಾಮ್ಲ ಹೆಚ್ಚು. ಚಾರ್ಲ್ಸ್ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ದಪ್ಪ ಹುಡುಗ ನಿಂತಲ್ಲಿಯೇ ನಿದ್ರೆ ಹೋಗುತ್ತಾನೆ, ಓದುವವರು ನಗುತ್ತಾರೆ. 1956ರಲ್ಲಿ ಅಮೆರಿಕದ ವೈದ್ಯ ಬರ್ವೆಲ್ ಮತ್ತು ಅವರ ಸಂಗಡಿಗರು ತಮ್ಮ ಒಬ್ಬ ರೋಗಿಯನ್ನು ವರ್ಣಿಸುವಾಗ ಆ ಹುಡುಗನನ್ನು ನೆನೆದು ಈ ಸ್ಥಿತಿಗೆ ‘ಪಿಕ್‌ವಿಕ್ ಲಕ್ಷಣ’ವೆಂದು ಹೆಸರಿಟ್ಟರು. ಕಾದಂಬರಿಕಾರನ ಕಣ್ಣು ವೈದ್ಯಶಾಸ್ತ್ರಕ್ಕಿಂತ ಸುಮಾರು 120 ವರ್ಷ ಮೊದಲೇ ಕಂಡಿತ್ತೆಂಬುದು ಕಲಾ ವಿದ್ಯಾರ್ಥಿಗಳಾದ ನಮಗೆ ಹೆಮ್ಮೆಯ ಮಾತಲ್ಲವೆ?

ಆ ಮೌನದಲ್ಲಿ ನಡೆಯುವುದೇನು?

ಈಗ ಮಾವನ ನಾಡಿಗೆ ಮರಳೋಣ. ಕೊರಳಿನ ಎರಡೂ ಕಡೆಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿ ಕವಲೊಡೆಯುವ ಜಾಗದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಅಂಗವೊಂದಿದೆ. ಅದಕ್ಕೆ ಕ್ಯಾರೊಟಿಡ್ ಕಾಯವೆನ್ನುತ್ತಾರೆ. ಅದು ರಕ್ತದ ಕಾವಲುಗಾರ. ಆಮ್ಲಜನಕ ಇಳಿಯಿತೇ, ಇಂಗಾಲಾಮ್ಲ ಏರಿತೇ ಎಂದು ಅನುಗಾಲವೂ ನೋಡುತ್ತಿದ್ದು, ವ್ಯತ್ಯಾಸ ಕಂಡೊಡನೆ ಮಿದುಳಿನ ಬುಡಕ್ಕೆ ಸುದ್ದಿ ಕಳುಹಿಸುತ್ತದೆ. ಕೊರಳಿನ ಮತ್ತು ಹೃದಯದ ಬಳಿಯ ಧಮನಿಗಳು ಉಸಿರಾಟದ ನಿಯಂತ್ರಣದಲ್ಲಿ ವಹಿಸುವ ಈ ಪಾತ್ರವನ್ನು ತೋರಿಸಿದುದಕ್ಕೆ ಬೆಲ್ಜಿಯಂ ದೇಶದ ಕೊರ್ನೀಲ್ ಹೇಮನ್ಸನಿಗೆ 1938ರ ನೊಬೆಲ್ ಪಾರಿತೋಷಕ ಸಂದಿತು.

ಉಸಿರು ನಿಂತಾಗ ಕಾವಲುಗಾರ ಕೂಗುತ್ತಾನೆ. ಮಿದುಳು ಆಗ ಎರಡು ಆಜ್ಞೆಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಇರುವ ಆಮ್ಲಜನಕವನ್ನು ಉಳಿಸಲೆಂದು ವೇಗಸ್ ನರದ ಮೂಲಕ ಹೃದಯವನ್ನು ನಿಧಾನಗೊಳಿಸುತ್ತದೆ. ನೀರಿನಲ್ಲಿ ಮುಳುಗು ಹಾಕಿದವನಲ್ಲಿಯೂ ಹೀಗೆಯೇ ಆಗುತ್ತದೆ. ಅದೇ ಹೊತ್ತಿಗೆ ಸಿಂಪಥೆಟಿಕ್ ನರಗಳ ಮೂಲಕ ಕೈಕಾಲುಗಳ ರಕ್ತನಾಳಗಳನ್ನು ಬಿಗಿಯುತ್ತದೆ. ಶ್ವಾಸಕೋಶ ಹಿಗ್ಗಿದಾಗಲೆಲ್ಲ ಈ ನರಗಳು ಕೊಂಚ ಶಾಂತವಾಗುವುದು ವಾಡಿಕೆ. ಉಸಿರೇ ಇಲ್ಲದಿದ್ದಾಗ ಆ ಶಾಂತಿಯೂ ಇಲ್ಲ. ಗಾಡಿಯವನು ಹಗ್ಗವನ್ನು ಜಗ್ಗಿ ಹಿಡಿದು ಅದೇ ಗಳಿಗೆಯಲ್ಲಿ ಬಾರುಕೋಲನ್ನೂ ಬೀಸಿದರೆ ಎತ್ತಿನ ಗತಿಯೇನಾದೀತು? ಮೌನದ ಹೊತ್ತಿನಲ್ಲಿ ಹೃದಯದ ಗತಿ ಅದೇ.

ಕಡೆಗೆ ಮಿದುಳು ಮನುಷ್ಯನನ್ನು ಅರೆಗಳಿಗೆ ಎಚ್ಚರಿಸುತ್ತದೆ. ಗಂಟಲಿನ ಸ್ನಾಯುಗಳು ಬಿಗಿಯುತ್ತವೆ, ದಾರಿ ತೆರೆಯುತ್ತದೆ, ಗಾಳಿ ನುಗ್ಗುತ್ತದೆ. ಕೂಡಲೇ ಹಗ್ಗ ಸಡಿಲುತ್ತದೆ. ಹೃದಯ ಓಟ ಕೀಳುತ್ತದೆ. ಇನ್ನೂ ಬಿಗಿದೇ ಇರುವ ನಾಳಗಳೊಳಕ್ಕೆ ರಕ್ತ ರಭಸದಿಂದ ನುಗ್ಗಿ ಒತ್ತಡ ಶಿಖರಕ್ಕೇರುತ್ತದೆ. ನನ್ನ ಬೆರಳಿಗೆ ಬೆದರಿದ ಕರುವಿನಂತೆ ತೋರಿದುದು ಇದೇ. ಮಲಗಿದವನಿಗೆ ಇದಾವುದೂ ಬೆಳಿಗ್ಗೆ ನೆನಪಿರುವುದಿಲ್ಲ.

ಇದರ ಜೊತೆಗೆ ಇನ್ನೊಂದು ಪೆಟ್ಟಿದೆ. ಗಂಟಲು ಮುಚ್ಚಿದ್ದರೂ ಎದೆಯು ಉಸಿರೆಳೆಯಲು ಹೆಣಗುತ್ತಿರುತ್ತದೆ. ಬಾಯಿ ಮುಚ್ಚಿದ ಸೀಸೆಯನ್ನು ಚೀಪಿದಂತೆ ಎದೆಯೊಳಗೆ ಬಲವಾದ ಹೀರುವಿಕೆ ಉಂಟಾಗಿ ಹೃದಯದ ತೆಳುಗೋಡೆಗಳನ್ನು ಹೊರಕ್ಕೆ ಜಗ್ಗುತ್ತದೆ. ಹೀಗೆ ಹಿಗ್ಗಿದ ಹೃತ್ಕರ್ಣವು ಮೈಯಲ್ಲಿ ನೀರು ಹೆಚ್ಚಾಯಿತೆಂದು ತಪ್ಪು ತಿಳಿದು ಮೂತ್ರವನ್ನು ಹೆಚ್ಚಿಸುವ ರಸವನ್ನು ಬಿಡುತ್ತದೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದಕ್ಕೆ ಸಕ್ಕರೆ ರೋಗವೊಂದೇ ಕಾರಣವಲ್ಲ, ಇದೂ ಇರಬಹುದು. ವರ್ಷಗಟ್ಟಲೆ ಹೀಗೆ ಜಗ್ಗಿಸಿಕೊಂಡ ಹೃತ್ಕರ್ಣವು ಲಯ ತಪ್ಪಿ ಕಂಪಿಸುವ ರೋಗಕ್ಕೂ ಗುರಿಯಾಗಬಹುದು.

ಹಗಲಿಗೂ ಮುಗಿಯದ ರಾತ್ರಿ

ಸಾಮಾನ್ಯ ನಿದ್ರೆಯಲ್ಲಿ ರಕ್ತದ ಒತ್ತಡ ಹಗಲಿಗಿಂತ ನೂರಕ್ಕೆ 10ರಿಂದ 20ರಷ್ಟು ಇಳಿಯುತ್ತದೆ. ಹೃದಯಕ್ಕೆ ದಿನದಲ್ಲಿ ಸಿಗುವ ವಿಶ್ರಾಂತಿ ಅದೊಂದೇ. ಉಸಿರುಗಟ್ಟುವವನಿಗೆ ಅದೂ ಇಲ್ಲ. ಊರೆಲ್ಲ ಮಲಗಿರುವಾಗ ಅವನ ಹೃದಯ ಏರು ಹತ್ತುತ್ತಿರುತ್ತದೆ.

ಹಗಲಾದ ಮೇಲಾದರೂ ಎಲ್ಲವೂ ಸರಿಹೋಗುವುದೆಂದು ನಾವು ಭಾವಿಸಬಹುದು. ಹಾಗಾಗುವುದಿಲ್ಲ. 1995ರಲ್ಲಿ ವಿರೆಂಡ್ ಸೋಮರ್ಸ್ ಮತ್ತು ಸಂಗಡಿಗರು ಇಂಥ ರೋಗಿಗಳ ಮೊಣಕಾಲಿನ ಬಳಿಯ ನರಕ್ಕೆ ಕೂದಲಿನಷ್ಟು ಸಣ್ಣ ಸೂಜಿಯನ್ನು ಚುಚ್ಚಿ, ಸಿಂಪಥೆಟಿಕ್ ನರಗಳ ಸುದ್ದಿಗಳನ್ನು ನೇರವಾಗಿ ಎಣಿಸಿದರು. ರಾತ್ರಿ ಉಸಿರುಗಟ್ಟಿದಾಗ ಅವು ಹೆಚ್ಚಿದ್ದುದರಲ್ಲಿ ಆಶ್ಚರ್ಯವಿಲ್ಲ. ಹಗಲಿನಲ್ಲಿ, ಎಚ್ಚರವಾಗಿ, ಸರಿಯಾಗಿ ಉಸಿರಾಡುತ್ತ ಸುಮ್ಮನೆ ಮಲಗಿದ್ದಾಗಲೂ ಅವು ಆರೋಗ್ಯವಂತರಿಗಿಂತ ಹೆಚ್ಚಾಗಿದ್ದವು. ಗಾಡಿ ನಿಂತ ಮೇಲೂ ಬಾರುಕೋಲು ನಿಂತಿರಲಿಲ್ಲ. ಕೊರಳಿನ ಕಾವಲುಗಾರ ರಾತ್ರಿಯೆಲ್ಲ ಬೆದರಿ ಬೆದರಿ ಹಗಲಿನಲ್ಲಿಯೂ ಸಣ್ಣ ಸದ್ದಿಗೆ ಕೂಗುವ ಸ್ವಭಾವದವನಾಗುತ್ತಾನೆ. ಒತ್ತಡ ಏರಿದಾಗ ಹೃದಯವನ್ನು ತಡೆಯಬೇಕಾದ ಧಮನಿಗಳ ಏರ್ಪಾಡು ಮಂದವಾಗುತ್ತದೆ. ನಾಡಿಯ ಆ ಸಣ್ಣ ಏರಿಳಿತ, ಆರೋಗ್ಯದ ಲಕ್ಷಣವೆಂದು ಮೇಲೆ ಹೇಳಿದೆನಲ್ಲ, ಅದು ಕುಗ್ಗುತ್ತದೆ.

ಬೊಜ್ಜು ಇಲ್ಲಿಯೂ ಕೈಕಟ್ಟಿ ಕುಳಿತಿರುವುದಿಲ್ಲ. ಕೊಬ್ಬಿನ ಜೀವಕೋಶಗಳಿಂದ ಹೊರಡುವ ಲೆಪ್ಟಿನ್ ಎಂಬ ರಸವನ್ನು 1994ರಲ್ಲಿ ಕಂಡುಹಿಡಿಯಲಾಯಿತು. ಅದು ಹಸಿವನ್ನು ತಗ್ಗಿಸುವ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. ಜೊತೆಗೆ ಸಿಂಪಥೆಟಿಕ್ ನರಗಳನ್ನೂ ಕೆರಳಿಸುತ್ತದೆ. ದಪ್ಪ ಮೈಯವರಲ್ಲಿ ಮಿದುಳು ಹಸಿವಿನ ಸುದ್ದಿಗೆ ಕಿವುಡಾದರೂ ನರಗಳ ಕೆರಳುವಿಕೆ ಉಳಿಯುತ್ತದೆಂದು ಸಂಶೋಧಕರು ಹೇಳುತ್ತಾರೆ. ಹೀಗೆ ಬೊಜ್ಜು ಒಂದು ಕಡೆಯಿಂದ ಗಂಟಲನ್ನು ಮುಚ್ಚುತ್ತದೆ, ಇನ್ನೊಂದು ಕಡೆಯಿಂದ ಬಾರುಕೋಲನ್ನು ಗಾಡಿಯವನ ಕೈಗೆ ಕೊಡುತ್ತದೆ.

ಫಲವೇನು? ಮಾತ್ರೆಗೂ ಬಗ್ಗದ ರಕ್ತದ ಒತ್ತಡ, ಲಯ ತಪ್ಪಿದ ಹೃದಯ, ಲಕ್ವ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಹಿಂದೆ ನಿದ್ರೆಯ ಪರೀಕ್ಷೆಗೆ ಒಳಗಾಗಿದ್ದು ಆಮೇಲೆ ಹೃದಯ ನಿಂತು ಹಠಾತ್ತನೆ ಸತ್ತ 112 ಜನರನ್ನು ಕುರಿತದ್ದು. ಉಸಿರುಗಟ್ಟುವ ರೋಗವಿದ್ದವರಲ್ಲಿ ನೂರಕ್ಕೆ 46 ಜನ ಸತ್ತುದು ನಡುರಾತ್ರಿಯಿಂದ ಬೆಳಗಿನ ಆರು ಗಂಟೆಯೊಳಗೆ. ರೋಗವಿಲ್ಲದವರಲ್ಲಿ ನೂರಕ್ಕೆ 21. ಉಳಿದ ಜನರಿಗೆ ಅಭಯವಾದ ವೇಳೆಯೇ ಇವರಿಗೆ ಗಂಡಾಂತರದ ವೇಳೆ. “ಮಲಗಿದವರು ಮಲಗಿದಂತೆಯೇ ಹೋದರು, ಪುಣ್ಯದ ಸಾವು” ಎಂದು ಹಳ್ಳಿಗಳಲ್ಲಿ ಹೇಳುವುದನ್ನು ಕೇಳಿದಾಗ ನನಗೆ ಈಗ ಮೊದಲಿನಂತೆ ಸಮಾಧಾನವಾಗುವುದಿಲ್ಲ.

ಗುರುತು ಮತ್ತು ಪರಿಹಾರ

ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ. ತೆಳ್ಳಗಿದ್ದು ದವಡೆ ಚಿಕ್ಕದಾಗಿರುವವರಿಗೂ ಈ ರೋಗ ಬರಬಹುದು. ಮುಟ್ಟು ನಿಂತ ಹೆಂಗಸರಲ್ಲಿಯೂ ಹೆಚ್ಚುತ್ತದೆ. ಆದರೆ ಜೋರು ಗೊರಕೆ, ನಡುವೆ ಮೌನ, ಏದುಸಿರಿನೊಡನೆ ಏಳುವುದು, ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ, ಏರಿದ ರಕ್ತದ ಒತ್ತಡ, ಇವುಗಳಲ್ಲಿ ಮೂರು ನಾಲ್ಕು ಒಟ್ಟಿಗೆ ಕಂಡರೆ ಅಲಕ್ಷ್ಯ ಸಲ್ಲದು. ತೂಕದ ಅಳತೆಯೂ ನಮ್ಮವರಿಗೆ ಬೇರೆ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕ ಪಾಶ್ಚಾತ್ಯರಲ್ಲಿ 30 ಮುಟ್ಟಿದರೆ ಬೊಜ್ಜು. ಭಾರತೀಯರಲ್ಲಿ 25 ಮುಟ್ಟಿದರೇ ಬೊಜ್ಜೆಂದು ನಮ್ಮ ತಜ್ಞರು ನಿಶ್ಚಯಿಸಿದ್ದಾರೆ. 5 ಅಡಿ 6 ಅಂಗುಲದ ಮನುಷ್ಯನಿಗೆ ಅದು ಸುಮಾರು 70 ಕಿಲೋ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 25ರ ಅಂಕವನ್ನೇ ಹಿಡಿದು ಎಣಿಸಿದಾಗ ಕರ್ನಾಟಕದ ವಯಸ್ಕ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ನೂರಕ್ಕೆ ಸುಮಾರು 30 ಜನ ಅದನ್ನು ಮುಟ್ಟಿದ್ದರು. ಬರಗಾಲದ ಸೀಮೆಯೆನಿಸಿದ ನಮ್ಮಲ್ಲಿ ಬೊಜ್ಜು ಶ್ರೀಮಂತರ ರೋಗವೆಂದು ನಂಬಿದ್ದ ಕಾಲ ಕಳೆದುಹೋಗಿದೆ.

ರಾತ್ರಿಯಿಡೀ ಉಸಿರು, ಆಮ್ಲಜನಕ, ನಾಡಿ, ಮಿದುಳಿನ ಅಲೆಗಳನ್ನು ದಾಖಲಿಸುವುದೇ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ರೆಯ ಸಂಶೋಧನೆಗೆಂದೇ ಪ್ರಯೋಗಶಾಲೆಯಿದೆ. ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ಪರೀಕ್ಷೆಯ ಅನುಕೂಲ ಈಗ ಉಂಟು. ಪರಿಹಾರಗಳಲ್ಲಿ ಮುಖ್ಯವಾದುದು 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಪ್ರಕಟಿಸಿದ ಉಪಾಯ. ಸಣ್ಣ ಯಂತ್ರವೊಂದು ಮೂಗಿನ ಮುಸುಕಿನ ಮೂಲಕ ಒತ್ತಡದ ಗಾಳಿಯನ್ನು ಊದುತ್ತ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಸರಿಯಾಗಿ ಬಳಸಿದರೆ ಹಗಲು ತೂಕಡಿಕೆ ತೊಲಗುತ್ತದೆ, ಸಿಂಪಥೆಟಿಕ್ ನರಗಳ ಅಬ್ಬರ ತಗ್ಗುತ್ತದೆ. ಆದರೆ ಇದು ಸರ್ವರೋಗ ನಿವಾರಕವಲ್ಲ. 2016ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ಅದಾಗಲೇ ಹೃದಯರೋಗವೋ ಲಕ್ವವೋ ಬಂದಿದ್ದವರಲ್ಲಿ ಮತ್ತೆ ಅಂಥವು ಬರುವುದನ್ನು ಯಂತ್ರವು ತಗ್ಗಿಸಿದಂತೆ ಕಾಣಲಿಲ್ಲ. ಅವರು ಅದನ್ನು ರಾತ್ರಿಗೆ ಸರಾಸರಿ ಮೂರು ಗಂಟೆಗಿಂತ ಸ್ವಲ್ಪವೇ ಹೆಚ್ಚು ಕಾಲ ಬಳಸಿದ್ದರೆಂಬುದೂ ನೆನಪಿಡತಕ್ಕದ್ದು. ತೂಕ ಇಳಿಸುವುದು ಮೂಲದ ಪರಿಹಾರ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ ತೂಕ ನೂರಕ್ಕೆ 10ರಷ್ಟು ಇಳಿದರೆ ಉಸಿರುಗಟ್ಟುವಿಕೆ ನೂರಕ್ಕೆ ಸುಮಾರು 26ರಷ್ಟು ಇಳಿಯುತ್ತದೆ. ಮದ್ಯವನ್ನೂ ವೈದ್ಯರು ಹೇಳದ ನಿದ್ರೆಯ ಗುಳಿಗೆಗಳನ್ನೂ ಬಿಡಬೇಕು. ಅವು ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ. ಅಂಗಾತ ಮಲಗುವುದಕ್ಕಿಂತ ಪಕ್ಕಕ್ಕೆ ಮಲಗುವುದು ಮೇಲು.

ಕಡೆಯ ಮಾತು

ಮಾವ ಸುಲಭವಾಗಿ ಒಪ್ಪಲಿಲ್ಲ. “ಗೊರಕಿಗೂ ಆಸ್ಪತ್ರೀಗೆ ಹೋಗ್ತಾರೇನಲೇ? ಊರು ನಗ್ತೈತಿ” ಎಂದ. ಅವನು ಒಪ್ಪಿದುದು ಒಂದು ನಸುಕಿನಲ್ಲಿ ಅವನ ಲಾರಿ ತಾನೇ ರಸ್ತೆ ಬಿಟ್ಟು ಜಾಲಿಯ ಪೊದೆಗೆ ನುಗ್ಗಿ ನಿಂತ ಮೇಲೆ. ದೇವರ ದಯೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. “ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲಪಾ” ಎಂದು ಅಂಗಳದಲ್ಲಿ ಕುಳಿತು ಹೇಳಿದಾಗ ಅವನ ಕೈ ನಡುಗುತ್ತಿತ್ತು. ಎದುರಿನಿಂದ ಬಸ್ಸೊಂದು ಬಂದಿದ್ದರೆ? ನಾನು ದಿನವೂ ಕಾಲೇಜಿಗೆ ಬರುವುದು ಬಸ್ಸಿನಲ್ಲಿಯೇ.

ಪರೀಕ್ಷೆಯಲ್ಲಿ ಗಂಟೆಗೆ 40ಕ್ಕೂ ಹೆಚ್ಚು ಸಲ ಉಸಿರುಗಟ್ಟುವುದೆಂದು ತಿಳಿಯಿತು. ಯಂತ್ರದ ಬೆಲೆ ಕೇಳಿ ಮನೆಯೆಲ್ಲ ಮೌನವಾಯಿತು. ಅತ್ತೆ ತನ್ನ ಚೀಟಿಯ ಹಣವನ್ನು ತೆಗೆದುಕೊಟ್ಟಳು. ಮುಸುಕನ್ನು ಕಂಡು, “ಆನಿ ಸೊಂಡ್ಲು ಕಟ್ಕೊಂಡು ಮಲಗ್ಬೇಕೇನು?” ಎಂದು ಮಾವ ಮುನಿಸಿಕೊಂಡ. ಈಗಲೂ ಕೆಲವು ರಾತ್ರಿ ಅದನ್ನು ಕಿತ್ತೆಸೆಯುತ್ತಾನೆ. ಆದರೆ ರಾತ್ರಿಯ ಬಾಡಿಗೆ ಬಿಟ್ಟಿದ್ದಾನೆ, ಆದಾಯ ಕಡಮೆಯಾಗಿದೆ, ಬೆಳಿಗ್ಗೆ ನಡೆಯುತ್ತಾನೆ, ಆರು ಕಿಲೋ ಇಳಿದಿದ್ದಾನೆ. ಅವನು ಮುಸುಕು ಕಟ್ಟಿಕೊಂಡ ರಾತ್ರಿ ಅತ್ತೆಯೂ ನಿದ್ರೆ ಮಾಡುತ್ತಾಳೆ.

ವಿದ್ಯಾರ್ಥಿ ಮಿತ್ರರೆ, ನಮ್ಮಲ್ಲಿ ಅನೇಕರು ಓದಿಲ್ಲದ ಮನೆಗಳಿಂದ ಬಂದವರು. ನಮ್ಮನ್ನು ಓದಿಸಲು ರಾತ್ರಿ ದುಡಿದವರ ನಿದ್ರೆಯ ಸದ್ದನ್ನು ನಾವು ಒಮ್ಮೆ ಕಿವಿಗೊಟ್ಟು ಕೇಳಬೇಕು. ಸದ್ದು ಇರುವಾಗಲ್ಲ, ಅದು ನಿಂತಾಗ. ಹತ್ತು ಎಣಿಸುವುದರೊಳಗೆ ಉಸಿರು ಮರಳದಿದ್ದರೆ, ಮತ್ತೆ ಮತ್ತೆ ಹಾಗಾದರೆ, ನಗಬೇಡಿ. ಬೆಳಗಾದ ಮೇಲೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ನಾವು ಕಲಿತ ನಾಲ್ಕಕ್ಷರಕ್ಕೆ ಅಷ್ಟಾದರೂ ಪ್ರಯೋಜನವಿರಲಿ.